ಚೋರವಿದ್ಯಾಭ್ಯಾಸ

ಅರುವತ್ತು ದಾಟಿದ ಮೇಲೆ ಕಳ್ಳತನ ಕಲಿತೆನೆಂದು ಹೇಳಿದರೆ ವಾಚಕ ಮಹಾಶಯರು ನಕ್ಕಾರು. ಮೂವತ್ತೈದು ವರ್ಷಗಳ ಕಾಲ ಹುಡುಗರಿಂದ ಶಬ್ದರೂಪಗಳನ್ನೂ ಸುಭಾಷಿತಗಳನ್ನೂ ಬಾಯಿಪಾಠ ಮಾಡಿಸಿದ ಸಂಸ್ಕೃತದ ಮಾಸ್ತರನು ವೃದ್ಧಾಪ್ಯದಲ್ಲಿ ಹಿಡಿಯತಕ್ಕ ದಾರಿ ಅದಲ್ಲವಷ್ಟೆ. ಆದರೂ ಸಂಗತಿ ನಿಜವಾದುದು. ಕಲಿಸಿದ ಗುರು ನನ್ನ ಮಗಳ ಮಗ; ಆಗ ಅವನಿಗೆ ಹದಿನಾಲ್ಕು ವರ್ಷ. ಕಲಿತ ಸ್ಥಳ ಸೇಡಮಿನ ನಮ್ಮ ಮನೆಯ ಪಡಸಾಲೆ. ಕಾಲ 2020ನೆಯ ಇಸವಿ.

ಆ ವರ್ಷವನ್ನು ನಮ್ಮ ಕಡೆಯವರು ಮರೆಯಲಾರರು. ಭಾರತದಲ್ಲಿ ಕೊರೋನಾ ರೋಗಕ್ಕೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯವರೇ. ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದುವು. ಹಗಲಿರುಳು ಗದ್ದಲವಿರುತ್ತಿದ್ದ ವಾಡಿ ಜಂಕ್ಷನ್ನಿನಲ್ಲಿ ಪ್ರಯಾಣಿಕರ ಗಾಡಿಗಳು ನಿಂತುಹೋದುವು. ಯುಗಾದಿಗೆಂದು ಬೆಂಗಳೂರಿನಿಂದ ಬಂದಿದ್ದ ಮಗಳ ಸಂಸಾರ ನಮ್ಮಲ್ಲಿಯೇ ಉಳಿಯಿತು. ಮೊಮ್ಮಗನು ಊಟವಾದೊಡನೆ ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತರೆ ದೀಪ ಹಚ್ಚುವ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಕೇಳಿದರೆ 'ಹೂಂ' ಎನ್ನುವನು. ಮತ್ತೂ ಕೇಳಿದರೆ ಅದೂ ಇಲ್ಲ. ಹುಡುಗನೇನು ಮಾಡುತ್ತಿರುವನೆಂದು ತಿಳಿಯಬೇಕೆಂಬ ಆಸೆ ನನಗೆ ಹುಟ್ಟಿತು. ಆಸೆಯೆಂಬುದಕ್ಕಿಂತ ಸಂಶಯವೆಂಬುದೇ ಸರಿಯಾದ ಮಾತು.

ನಮ್ಮ ಮನೆಯ ನೆಲಕ್ಕೆ ಶಹಾಬಾದದ ಪರ್ಸಿ ಹಾಸಿದೆ. ಚಪ್ಪಲಿಯಿಂದ ನಡೆದರೆ ಸಪ್ಪಳ ಮೂರು ಕೋಣೆಗೆ ಕೇಳುವುದು. ಆದುದರಿಂದ ಒಂದು ಮಧ್ಯಾಹ್ನ ಚಪ್ಪಲಿ ಕಳಚಿ, ತುದಿಗಾಲಿನಲ್ಲಿ ನಡೆದು, ಅವನ ಬೆನ್ನ ಹಿಂದೆ ಹೋಗಿ ನಿಂತೆನು. ಪರೀಕ್ಷೆಯ ಕೊಠಡಿಯಲ್ಲಿ ಎಷ್ಟೋ ವರ್ಷ ನಡೆದು ಪಳಗಿದ ಕಾಲುಗಳು, ಒಂದಿಷ್ಟೂ ಸದ್ದಾಗಲಿಲ್ಲ. ಹುಡುಗನು ಹಿಂದಿರುಗಿ ನೋಡದೆಯೇ ಹೇಳಿದನು:

"ಮುತ್ಯಾ, ನಿನ್ನ ನೆರಳು ಪರದೆ ಮ್ಯಾಲ ಬಿದ್ದದ. ಕಳ್ಳನ ಹಂಗ ಬರೋದಾದ್ರ ಕಿಡಕಿಗೆ ಬೆನ್ನು ಕೊಟ್ಟು ಬರಬಾರದು."

ನನಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಇದೇನು ಆಟವೆಂದು ಕೇಳಿದೆನು. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನೀನೂ ಆಡ್ತೀಯೇನು? ನಿನಗ ರೋಗ್ ಛಲೋ ಹೊಂದ್ತದ" ಎಂದನು. ಅಡಿಗೆಯ ಮನೆಯಿಂದ ನನ್ನ ಹೆಂಡತಿ, "ಊರ ತುಂಬ ಇರೋ ರೋಗ ಸಾಲದಂತ ಮನ್ಯಾಗ ಬ್ಯಾರೆ ತರ್ತೀರೇನು?" ಎಂದಳು. ಬಹುದಿನಗಳ ಮೇಲೆ ಹುಡುಗನು ನಕ್ಕುದನ್ನು ಅಂದು ಕಂಡೆನು. ನಾನು ಒಪ್ಪಿಕೊಳ್ಳಲು ಆ ನಗೆಯೇ ಕಾರಣವೆನ್ನಬೇಕು.

ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೇರಿಕೆಯ ಬ್ಲಿಝಾರ್ಡ್ ಎಂಬ ಸಂಸ್ಥೆ 2004ರ ನವೆಂಬರಿನಲ್ಲಿ ಇದನ್ನು ಹೊರತಂದಿತು. ಅದರ ಹಳೆಯ ರೂಪವನ್ನೇ 2019ರ ಆಗಸ್ಟಿನಲ್ಲಿ ಮತ್ತೆ ಪ್ರಕಟಿಸಿತು. ಮೊಮ್ಮಗನು ಗೆಳೆಯರೊಡನೆ ಆಡುತ್ತಿದ್ದುದು ಈ ಹಳೆಯ ರೂಪವನ್ನು. ಒಂದು ಕಲ್ಪಿತ ಭೂಖಂಡ. ಅದರಲ್ಲಿ ಕಾಡು, ಕೋಟೆ, ಪಟ್ಟಣ, ಸಂತೆ. ದೇಶದೇಶಗಳ ಸಾವಿರಾರು ಜನರು ಏಕಕಾಲಕ್ಕೆ ಅದನ್ನು ಹೊಕ್ಕು, ನಾಟಕದ ಪಾತ್ರಧಾರಿಗಳಂತೆ ಒಂದೊಂದು ವೇಷವನ್ನು ತಾಳುವರು. ಒಬ್ಬನು ಪೆಟ್ಟು ತಡೆಯುವ ಭಟ, ಒಬ್ಬನು ಬೆಂಕಿಯುಗುಳುವ ಮಾಂತ್ರಿಕ, ಒಬ್ಬನು ಗಾಯ ಮಾಯಿಸುವ ಪುರೋಹಿತ. ಮೊಮ್ಮಗನದು ಪುರೋಹಿತನ ವೇಷ. ರೋಗ್ ಎಂದರೆ ಮರೆಯಲ್ಲಿ ನಡೆಯುವವನು. ಕಠಾರಿ ಹಿಡಿದ ಚೋರ. ಅಳಿಯನ ಕಂಪ್ಯೂಟರು ಸಂಜೆಗೆ ಬಿಡುವಾಗುತ್ತಿತ್ತು. ಅದೇ ನನ್ನ ಗರಡಿಯಾಯಿತು.

ಮೊದಲ ದಿನ ಒಂದು ಕೀಲಿಯನ್ನು ಒತ್ತಿದೊಡನೆ ನನ್ನ ವೇಷದ ದೇಹವು ಮಸುಕಾಯಿತು. ಅದೃಶ್ಯನಾದೆನೆಂದು ಹಿಗ್ಗಿ, ಎದುರಿಗೆ ನಿಂತ ದರೋಡೆಗಾರನ ಕಡೆಗೆ ನೇರವಾಗಿ ನಡೆದೆನು. ಅವನು ನನ್ನನ್ನು ಕಂಡನು, ಕೊಂದನು. ಮತ್ತೆ ಹೋದೆನು, ಮತ್ತೆ ಸತ್ತೆನು. ಆ ರಾತ್ರಿ ಎಷ್ಟು ಸಲ ಸತ್ತೆನೆಂಬ ಲೆಕ್ಕವನ್ನು ಸ್ವಲ್ಪ ಹೊತ್ತಿನಲ್ಲಿಯೇ ಕೈಬಿಟ್ಟೆನು. ಆಗ ಮೊಮ್ಮಗನು ಪಾಠವನ್ನು ಆರಂಭಿಸಿದನು. ಅದರ ಸಾರವಿಷ್ಟು. ಮರೆಯಾದವನು ಅದೃಶ್ಯನಲ್ಲ, ಕಾಣುವುದಕ್ಕೆ ಕಷ್ಟವಾದವನು, ಅಷ್ಟೆ. ಶತ್ರುವಿಗೆ ಅವನು ಕಾಣುವುದೂ ಕಾಣದಿರುವುದೂ ಮೂರು ಸಂಗತಿಗಳನ್ನು ಅವಲಂಬಿಸಿದೆ: ನಡುವಣ ದೂರ, ಇಬ್ಬರ ಬಲಾಬಲ, ಶತ್ರುವಿನ ಮುಖವಿರುವ ದಿಕ್ಕು. ಮುಂದಿನಿಂದ ಹೋದವನು ಬೇಗ ಕಾಣುವನು. ಹಿಂದಿನಿಂದ ಹೋದವನು ತಡವಾಗಿ. ಶತ್ರುವಿಗೆ ಸಂಶಯ ಬಂದರೆ ಒಮ್ಮೆ ನಿಂತು ತಿರುಗಿ ನೋಡುವನು. ಆಗ ಧೈರ್ಯ ಮಾಡಿ ನುಗ್ಗದೆ ಹಿಂದೆ ಸರಿಯಬೇಕು. ಮರೆಯಲ್ಲಿದ್ದಾಗ ನಡಿಗೆ ಆರಂಭದಲ್ಲಿ ಅರ್ಧಕ್ಕೆ ಇಳಿಯುವುದು, ಆತುರ ಪಡತಕ್ಕದ್ದಲ್ಲ. ಸಣ್ಣ ಗಾಯವಾದರೂ ಮರೆ ಹರಿಯುವುದು. ಕಾಳಗ ತೊಡಗಿದ ಮೇಲೆ ಮತ್ತೆ ಮರೆಯಾಗಲು ಬಾರದು.

ಇದಕ್ಕೆ ನಮ್ಮ ಊರಿನ ವಿಘ್ನವೊಂದು ಕೂಡಿತ್ತು. ಆಟದ ಯಂತ್ರಗಳಿರುವುದು ಸಮುದ್ರದ ಆಚೆ. ನಾನು ಸೇಡಮಿನಲ್ಲಿ ಒತ್ತಿದ ಕೀಲಿಯ ಅಪ್ಪಣೆ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಕ್ಷಣಾಂಶ ಕಳೆಯುವುದು. ಅಂದಮೇಲೆ ಪರದೆಯ ಮೇಲೆ ಕಾಣುವ ಶತ್ರುವು ಸ್ವಲ್ಪ ಹಿಂದಿನ ಶತ್ರು. ಈಗಿನವನು ಆಗಲೇ ಒಂದು ಹೆಜ್ಜೆ ಸರಿದಿರುವನು. ಆದುದರಿಂದ ಅವನು ಇರುವಲ್ಲಿಗೆ ಹೋಗದೆ, ಇನ್ನು ಎಲ್ಲಿಗೆ ಬರುವನೆಂಬುದನ್ನು ಎಣಿಸಿ ಹೋಗಬೇಕು. ಇದು ಅಭ್ಯಾಸವಾಗಲು ನನಗೆ ಹದಿನೈದು ದಿನ ಹಿಡಿಯಿತು.

ಆ ದಿನಗಳಲ್ಲಿ ನನಗೆ ಚಿಕ್ಕಂದಿನ ಒಂದು ಮಾತು ನೆನಪಾಯಿತು. ಚಿಂಚೋಳಿಯ ಕಾಡಿನ ಅಂಚಿನಲ್ಲಿ ನಮ್ಮ ಬಂಧುಗಳ ಹೊಲವಿದ್ದಿತು. ಅಲ್ಲಿ ಹಟ್ಟಿ ಹಾಕಿದ್ದ ಒಬ್ಬ ಕುರುಬನು ತೋಳದ ವಿಷಯ ಹೇಳುತ್ತ, "ತ್ವಾಳ ಕುರಿ ನೋಡಾಂಗಿಲ್ಲ ತಮ್ಮಾ, ನನ್ನ ಕಣ್ಣು ಎತ್ತ ಅವ ಅಂತ ನೋಡ್ತದ" ಎಂದಿದ್ದನು. ಐವತ್ತು ವರ್ಷದ ಮೇಲೆ ಆ ಮಾತು ಅರ್ಥವಾಯಿತು. ಅಡಗುವವನು ತನ್ನನ್ನು ತಾನು ನೋಡಿಕೊಂಡರೆ ಕೆಟ್ಟನು. ಅವನು ಸದಾ ಪರರ ಕಣ್ಣಿನ ಚಿಂತೆಯಲ್ಲಿರಬೇಕು.

ಪಾಠಶಾಲೆಯಲ್ಲಿ ಓದಿದ 'ಮೃಚ್ಛಕಟಿಕ'ವನ್ನೂ ಕಪಾಟಿನಿಂದ ತೆಗೆದು ಮತ್ತೆ ನೋಡಿದೆನು. ಶೂದ್ರಕನ ಆ ಪ್ರಕರಣದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕುವ ಪ್ರಸಂಗವನ್ನು ನಾವು ಹುಡುಗರು ನಗುತ್ತ ಓದಿದ್ದೆವು. ಈಗ ನೋಡಿದರೆ ಅದೊಂದು ಪಠ್ಯಕ್ರಮ. ನಿತ್ಯವೂ ನೀರು ಬಿದ್ದು ಗೋಡೆ ಎಲ್ಲಿ ಸಡಿಲವಾಗಿದೆಯೆಂದು ಅವನು ಮೊದಲು ಪರೀಕ್ಷಿಸುವನು. ಅಳತೆಯ ದಾರ ಮರೆತುಬಂದಿರುವುದರಿಂದ ಯಜ್ಞೋಪವೀತದಿಂದಲೇ ಅಳೆಯುವನು. ಕಿಂಡಿಯಾದೊಡನೆ ತಾನು ನುಗ್ಗದೆ ಒಂದು ಬೊಂಬೆಯನ್ನು ಒಳಗೆ ಚಾಚುವನು. ಹಳೆಯ ಕದ ಕಿರುಗುಟ್ಟಬಾರದೆಂದು ನೀರು ಚಿಮುಕಿಸುವನು. ಮಲಗಿದವರು ನಿಜವಾಗಿ ಮಲಗಿರುವರೋ ಇಲ್ಲವೋ ಎಂಬುದನ್ನು ಉಸಿರಿನ ಗತಿಯಿಂದಲೂ ಮೈಯ ಸಡಿಲಿಕೆಯಿಂದಲೂ ನಿರ್ಣಯಿಸುವನು. ಕಾವಲುಗಾರರಿಗೆ ಕಾಣಿಸದಂತೆ ಮಾಡುವ ಯೋಗರೋಚನೆಯೆಂಬ ಲೇಪವು ಗುರುವಿನಿಂದ ಅವನಿಗೆ ದೊರೆತಿದ್ದಿತು. ಆದರೂ ಅದನ್ನೇ ನಂಬಿ ಕೂಡಲಿಲ್ಲ. ಕೀಲಿಯೊಂದನ್ನು ಒತ್ತಿ ನಾನು ಪಡೆದ ಮಸುಕುದೇಹವೂ ಅಂಥ ಲೇಪವೇ. ನಾನು ಅದನ್ನು ನಂಬಿ ಕೆಟ್ಟೆನು. ಶರ್ವಿಲಕನು ನಂಬದೆ ಗೆದ್ದನು. ಈ ಕಥೆಯನ್ನು ಹೇಳಿದಾಗ ಮೊಮ್ಮಗನು, "ಅಂವ ಎಷ್ಟನೇ ಲೆವೆಲ್ ಇದ್ದ?" ಎಂದು ಕೇಳಿದನು. ಅರುವತ್ತನೆಯದು ಎಂದೆನು, ಹಳೆಯ ರೂಪದಲ್ಲಿ ಅದೇ ಕೊನೆಯ ಮೆಟ್ಟಿಲು.

ಮೆಟ್ಟಿಲು ಏರಿದಂತೆ ವಿದ್ಯೆಗಳೂ ಬಂದುವು. ನಾಲ್ಕನೆಯದರಲ್ಲಿ ಜೇಬು ಕತ್ತರಿಸುವುದು. ಹತ್ತನೆಯದರಲ್ಲಿ, ಕಾಳಗಕ್ಕೆ ಮೊದಲು ಮರೆಯಿಂದ ಹೋಗಿ ಒಬ್ಬನ ತಲೆಗೆ ಬಡಿದು ಇಪ್ಪತ್ತೈದು ಸೆಕೆಂಡು ಅವನನ್ನು ಜಡನನ್ನಾಗಿ ಮಾಡುವುದು. ಇಪ್ಪತ್ತೆರಡನೆಯದರಲ್ಲಿ ಎರಡು ದೊಡ್ಡ ವಿದ್ಯೆಗಳು: ದೂರಕ್ಕೆ ಸದ್ದು ಎಸೆದು ಕಾವಲುಗಾರರ ಮುಖವನ್ನು ಅತ್ತ ತಿರುಗಿಸುವುದು, ಮಿಂಚುಪುಡಿಯನ್ನು ಎರಚಿ ಕಾಳಗದ ನಡುವೆಯೇ ಮಾಯವಾಗುವುದು. ಈ ಕೊನೆಯದು ಎಲ್ಲರಿಗೂ ಪ್ರಿಯ. ಇದೇ ನನ್ನನ್ನು ಕೆಡಿಸಿತು.

ಆ ಮೆಟ್ಟಿಲಿನ ಸುಮಾರಿಗೆ ಐವರು ಕೂಡಿ ಒಂದು ಗಣಿಯನ್ನು ಹೊಗುವ ಪ್ರಸಂಗ ಬರುವುದು. ಮೊಮ್ಮಗ, ಬೆಂಗಳೂರಿನಲ್ಲಿರುವ ಅವನ ಮೂವರು ಗೆಳೆಯರು, ನಾನು. ಗಣಿಯಲ್ಲಿರುವವರು ಕೆಂಪು ಬಟ್ಟೆಯಿಂದ ಮುಖ ಮುಚ್ಚಿಕೊಂಡ ದರೋಡೆಗಾರರು. ಇವರು ಯಾರೆಂದು ಕೇಳಿದೆನು. ಮೊಮ್ಮಗನು ಹೇಳಿದ ಕಥೆ ಇದು: ಯುದ್ಧದಲ್ಲಿ ಹಾಳಾದ ರಾಜಧಾನಿಯನ್ನು ಕಲ್ಲುಕುಟಿಗರ ಸಂಘವೊಂದು ಮತ್ತೆ ಕಟ್ಟಿಕೊಟ್ಟಿತು, ಕೆಲಸವಾದ ಮೇಲೆ ಪ್ರಭುಗಳು ಕೂಲಿ ಕೊಡಲಿಲ್ಲ, ದಂಗೆಯಾಯಿತು, ಅವರು ಊರು ಬಿಟ್ಟು ಈ ಗಣಿಯನ್ನು ಸೇರಿ ಕಳ್ಳರಾದರು. ನಾನು ಸುಮ್ಮನಾದೆನು. ಶಹಾಬಾದ, ವಾಡಿ, ಚಿತ್ತಾಪುರಗಳ ನೆಲದಲ್ಲಿ ಹುಟ್ಟಿದವನಿಗೆ ಕಲ್ಲಿನ ಕೆಲಸದವರು ಕಥೆಯ ಜನರಲ್ಲ. ಭೂಮಿಯೊಳಗೆ ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ಮಲಗಿರುವ ಆ ಸುಣ್ಣಗಲ್ಲನ್ನು ಹಾರೆಯಿಂದ ಮೀಟಿ ಎಬ್ಬಿಸುವವರನ್ನು ಬಿಸಿಲಿನಲ್ಲಿ ಎಷ್ಟೋ ಸಲ ಕಂಡಿರುವೆನು. ಅವರ ಮಕ್ಕಳಿಗೆ ಪಾಠವನ್ನೂ ಹೇಳಿರುವೆನು.

ಗಣಿಯಲ್ಲಿ ನನ್ನ ಕೆಲಸ ಇಷ್ಟೆ: ಮುಂದೆ ಮರೆಯಲ್ಲಿ ಹೋಗಿ, ನಾಲ್ವರಿದ್ದಲ್ಲಿ ಒಬ್ಬನನ್ನು ಜಡನನ್ನಾಗಿಸಿ ಮೂವರನ್ನು ಮಾತ್ರ ಗೆಳೆಯರಿಗೆ ಉಳಿಸುವುದು. ಎರಡು ಸಲ ಚೆನ್ನಾಗಿ ನಡೆಯಿತು. ಮೂರನೆಯ ಸಲ ಒಬ್ಬನ ಬೆನ್ನನ್ನೇ ನೋಡುತ್ತ ಹೋಗಿ ಪಕ್ಕದವನ ಮುಖವನ್ನು ಮರೆತೆನು. ಅವನು ತಿರುಗಿದನು, ನಾನು ಹಿಂದೆ ಸರಿಯಲಿಲ್ಲ. ನಾಲ್ವರೂ ಮೇಲೆ ಬಿದ್ದರು. ಮೊಮ್ಮಗನು ದೂರದಿಂದ ಮಂತ್ರದ ಮೇಲೆ ಮಂತ್ರ ಹೇಳಿ ನನ್ನ ಗಾಯಗಳನ್ನು ಮಾಯಿಸುತ್ತಿದ್ದನು. ನಾನು ಹೆದರಿ ಮಿಂಚುಪುಡಿ ಎರಚಿದೆನು. ಮಾಯವಾದೆನು. ಗೋಡೆಯ ಪಕ್ಕದ ಕತ್ತಲಲ್ಲಿ ಸುರಕ್ಷಿತನಾಗಿ ನಿಂತು, ವಿದ್ಯೆ ಫಲಿಸಿತೆಂದು ಹಿಗ್ಗಿದೆನು.

ನನ್ನನ್ನು ಕಳೆದುಕೊಂಡ ಆ ನಾಲ್ವರು ನನ್ನನ್ನು ಉಳಿಸುತ್ತಿದ್ದವನ ಮೇಲೆ ಬಿದ್ದರು. ಮೊದಲು ಪುರೋಹಿತನು ಸತ್ತನು. ಗಾಯ ಮಾಯಿಸುವವನಿಲ್ಲದೆ ಉಳಿದ ಮೂವರೂ ಸತ್ತರು. ಕೊನೆಗೆ ಯಾರೋ ಒಬ್ಬನು ಎಡವಿದಂತೆ ಬಂದು ನನ್ನನ್ನೂ ಕಂಡನು. ಆಟದಲ್ಲಿ ಸತ್ತವರು ಪ್ರೇತರೂಪದಿಂದ ದೂರದ ಸ್ಮಶಾನದಿಂದ ನಡೆದುಬಂದು ತಮ್ಮ ಹೆಣವನ್ನು ತಾವೇ ಸೇರಬೇಕು. ಐದು ಪ್ರೇತಗಳು ಸಾಲಾಗಿ ನಡೆದುವು. ದಾರಿಯುದ್ದಕ್ಕೂ ಪಕ್ಕದ ಕೋಣೆಯಿಂದ ಒಂದು ಮಾತೂ ಬರಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಹುಡುಗನು ಮೆಲ್ಲನೆ ಹೇಳಿದನು: "ಮುತ್ಯಾ, ನೀ ಮಾಯ ಆದಿ, ಖರೆ. ಅವ್ರು ಮಾಯ ಆಗಲಿಲ್ಲ."

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಆಟದ ಸೋಲಿಗೆ ಯಾರೂ ನಿದ್ರೆಗೆಡುವುದಿಲ್ಲ. ಕಲ್ಲುಕುಟಿಗನ ಬೆನ್ನನ್ನು ನೋಡುತ್ತ, ಮುಖವನ್ನು ನೋಡದೆ, ಹಿಂದಿನಿಂದ ಸದ್ದಿಲ್ಲದೆ ಹೋದವನು ಅಂದು ಮೊದಲ ಸಲ ಹೋಗಿರಲಿಲ್ಲ.

1991ನೆಯ ಇಸವಿಯ ವಾರ್ಷಿಕ ಪರೀಕ್ಷೆ. ಶಾಲೆ ಯಾವುದೆಂಬುದು ಬೇಡ. ತಪ್ಪು ಶಾಲೆಯದಲ್ಲ, ನನ್ನದು. ಕಲ್ಲಿನ ಖಣಿಗೆ ಹೋಗುವವನೊಬ್ಬನ ಮಗ ನನ್ನ ತರಗತಿಯಲ್ಲಿದ್ದನು. ನಾನು ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಹಿಂದಿನ ಸಾಲುಗಳಿಂದ ನಡೆದುಬಂದೆನು. ಅವನ ಎರಡೂ ಕೈಗಳು ಹಲಗೆಯ ಕೆಳಗೆ ಇದ್ದುವು, ಬೆರಳುಗಳು ಆಡುತ್ತಿದ್ದುವು. ಚೀಟಿಯೆಂದು ನಿಶ್ಚಯಿಸಿದೆನು. ಉತ್ತರದ ಕಾಗದವನ್ನು ಕಸಿದುಕೊಂಡು, ಎಲ್ಲರೆದುರಿಗೆ ಬೈದು ಹೊರಗೆ ಕಳುಹಿಸಿದೆನು. ಅವನು ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದನು. ಬರಿಗೈ. ಚೀಟಿಯನ್ನು ಎಸೆದಿರಬೇಕೆಂದೆನು.

ಸಂಜೆ ಬೇರೆ ಹುಡುಗರಿಂದ ತಿಳಿಯಿತು. ಹೆಬ್ಬೆರಳುಗಳನ್ನು ಬಿಟ್ಟರೆ ಎಂಟು ಬೆರಳು. ಬೆರಳಿಗೆ ಮೂರು ಗೆಣ್ಣು. ಸಂಬೋಧನೆಯೂ ಸೇರಿ ಎಂಟು ವಿಭಕ್ತಿ. ಒಂದೊಂದಕ್ಕೆ ಮೂರು ವಚನ. ಇಪ್ಪತ್ತನಾಲ್ಕು ರೂಪಗಳೂ ಎರಡು ಕೈಗಳಲ್ಲಿಯೇ ಇರುವುದರಿಂದ ಹೆಬ್ಬೆರಳಿನಿಂದ ಗೆಣ್ಣು ಮುಟ್ಟಿ ಎಣಿಸಿರೆಂದು ತರಗತಿಯಲ್ಲಿ ಕಲಿಸಿದವನು ನಾನೇ. ಹುಡುಗನು ನಾನು ಕಲಿಸಿದಂತೆ ಎಣಿಸುತ್ತಿದ್ದನು.

ಮರುದಿನ ಅವನು ಬರಲಿಲ್ಲ, ಮುಂದೆಯೂ ಬರಲಿಲ್ಲ. ತಂದೆಯ ಸಂಗಡ ಖಣಿಗೆ ಹೋಗುತ್ತಾನೆಂದು ಕೇಳಿದೆನು. ಹೋಗಿ ಕರೆತರಬೇಕೆಂದು ಒಂದೆರಡು ಸಲ ಅಂದುಕೊಂಡೆನು; ನಾಚಿಕೆ ತಡೆಯಿತು. ಬೇಸಿಗೆಯಲ್ಲಿ ಬೇರೆ ಊರಿಗೆ ವರ್ಗವಾಯಿತು, ನಾನು ಹೊರಟುಹೋದೆನು. ಮಿಂಚುಪುಡಿಯನ್ನು ಎರಚುವ ವಿದ್ಯೆ ನನಗೆ ಮೊದಲೇ ತಿಳಿದಿದ್ದಿತು.

ಮುಂದಿನ ತಿಂಗಳುಗಳಲ್ಲಿ ಆಟವನ್ನು ಬೇರೆ ಕಣ್ಣಿನಿಂದ ಕಲಿತೆನು. ಚೆನ್ನಾಗಿ ಆಡುವ ಚೋರನೆಂದರೆ ತನ್ನ ತಲೆಯನ್ನು ಉಳಿಸಿಕೊಳ್ಳುವವನಲ್ಲ. ಮುಂದೆ ಹೋಗಿ ಎಲ್ಲಿ ಎಷ್ಟು ಜನರಿರುವರೆಂದು ನೋಡಿ ಬಂದು ಹೇಳುವವನು; ಸದ್ದು ಎಸೆದು ಕಾವಲುಗಾರರನ್ನು ಅತ್ತ ನೋಡಿಸಿ ಇತ್ತ ಗೆಳೆಯರನ್ನು ದಾಟಿಸುವವನು; ಕಣ್ಣಿಗೆ ಬಿದ್ದರೆ ಕತ್ತಲೆಗೆ ಓಡದೆ, ಶತ್ರುಗಳನ್ನು ಬೆನ್ನಿಗೆ ಹಚ್ಚಿಕೊಂಡು ಭಟನ ಬಳಿಗೆ ಓಡುವವನು. ಅವನು ಒಬ್ಬ ಶತ್ರುವಿನ ಮೇಲೆ ಕೂಡಿಸಿದ ಅನುಕೂಲವು ಐದು ಅಂಕದವರೆಗೆ ಏರುವುದು. ನಡುವೆ ಇನ್ನೊಬ್ಬನ ಮೇಲೆ ಕೈಮಾಡಿದರೆ ಕೂಡಿಸಿದುದೆಲ್ಲ ಹೋಗುವುದು. ಆದುದರಿಂದ ಹಿಡಿದ ಕೆಲಸವನ್ನು ಮುಗಿಸತಕ್ಕದ್ದು. ಬೀಗ ತೆಗೆಯುವ ವಿದ್ಯೆ ಬಂದ ಮೇಲೆ ಗುರುತಿಲ್ಲದ ಜನರೂ ತಮ್ಮ ಮುಚ್ಚಿದ ಪೆಟ್ಟಿಗೆಗಳನ್ನು ನನ್ನ ಮುಂದಿಟ್ಟು ತೆರೆಯಿಸಿಕೊಂಡು ಹೋಗುತ್ತಿದ್ದರು. ಕಳ್ಳನನ್ನು ನಂಬಿ ಪೆಟ್ಟಿಗೆ ಕೊಡುವ ಲೋಕವನ್ನು ಅಲ್ಲಿಯೇ ಕಂಡೆನು.

ನಮ್ಮ ಪೂರ್ವಿಕರೂ ಇದನ್ನೇ ಹೇಳಿರುವರು. ಹನುಮಂತನು ಮೈಯನ್ನು ಬೆಕ್ಕಿನಷ್ಟು ಮಾಡಿಕೊಂಡು ರಾತ್ರಿಯಲ್ಲಿ ಲಂಕೆಯನ್ನು ಹೊಕ್ಕನು. ಸೀತೆಯನ್ನು ಕಂಡ ಮೇಲೆ ತಾನಾಗಿಯೇ ವನವನ್ನು ಮುರಿದು ಶತ್ರುವಿನ ಕಣ್ಣಿಗೆ ಬಿದ್ದನು. ನಮ್ಮ ಸೇಡಮಿನ ಸಿಮೆಂಟು ಕಾರ್ಖಾನೆ ಯಾರ ಹೆಸರಿನಿಂದ ಬಹುಕಾಲ ಪ್ರಸಿದ್ಧವಾಗಿದೆಯೋ ಆ ವಾಸವದತ್ತೆಯು ಭಾಸನ ನಾಟಕದಲ್ಲಿ ಗಂಡನ ರಾಜ್ಯಕ್ಕಾಗಿ ಆವಂತಿಕೆಯೆಂಬ ಹೆಸರಿನಿಂದ ಮರೆಯಲ್ಲಿ ಬಾಳಿದಳು. ಆ ಶರ್ವಿಲಕನಾದರೂ, ಕದ್ದ ಒಡವೆಯ ನಿಮಿತ್ತವಾಗಿ ಮದನಿಕೆಯನ್ನು ಪಡೆದ ಗಳಿಗೆಯಲ್ಲಿಯೇ, ಗೆಳೆಯನಾದ ಆರ್ಯಕನು ಸೆರೆಸಿಕ್ಕನೆಂದು ಕೇಳಿ, ಹೊಸ ಹೆಂಡತಿಯನ್ನು ಬಿಟ್ಟು ಅವನನ್ನು ಬಿಡಿಸಲು ಹೊರಟನು. ಮರೆಯಾಗುವುದು ಅರ್ಧ ವಿದ್ಯೆ. ಯಾರಿಗಾಗಿ, ಯಾವಾಗ ಹೊರಗೆ ಬರಬೇಕೆಂಬುದು ಉಳಿದರ್ಧ. ನಾನು ಪಾಠಶಾಲೆಯಲ್ಲಿ ಇವೆಲ್ಲವನ್ನೂ ಓದಿ ತೇರ್ಗಡೆಯಾಗಿದ್ದೆನು.

2021ರಲ್ಲಿ ಗಾಡಿಗಳು ಮತ್ತೆ ಓಡತೊಡಗಿದ ಮೇಲೆ ಮಗಳ ಸಂಸಾರ ಬೆಂಗಳೂರಿಗೆ ಹೋಯಿತು. ಆ ಚಳಿಗಾಲದಲ್ಲಿ ಒಂದು ದಿನ ನಾನು ಸೇಡಮಿನಲ್ಲಿ ಗಾಡಿ ಹತ್ತಿ, ಮಳಖೇಡ, ಚಿತ್ತಾಪುರಗಳನ್ನು ದಾಟಿ, ವಾಡಿಯಲ್ಲಿ ಬದಲಿಸಿ, ಶಹಾಬಾದಕ್ಕೆ ಹೋದೆನು. ವಿಚಾರಿಸಿ ಇಟ್ಟುಕೊಂಡಿದ್ದೆನು. ಊರ ಹೊರಗೆ ಪರ್ಸಿಗೆ ಪಾಲಿಶ್ ಮಾಡುವ ಒಂದು ಶೆಡ್ಡು. ಅದರ ಮುಂದೆ ಬಯಲು. ಗೋಡೆಗೆ ಆನಿಸಿ ನಿಲ್ಲಿಸಿದ ಕಲ್ಲುಗಳು. ಹಿಂದಿನ ಕಡೆಯಿಂದ ಹತ್ತಿರದ ದಾರಿಯಿದ್ದಿತು. ನಾನು ಸುತ್ತಿ ಮುಂದಿನಿಂದ ಹೋದೆನು. ಬಯಲನ್ನು ದಾಟುವಷ್ಟು ಹೊತ್ತೂ ಅವನು ನನ್ನನ್ನು ನೋಡುತ್ತಿದ್ದನು.

ತಲೆಯಲ್ಲಿ ಅರ್ಧ ನರೆ. ಮೈಯೆಲ್ಲ ಕಲ್ಲಿನ ಬಿಳಿಯ ಧೂಳು. ಗುರುತು ಹಿಡಿದನು. ಮಷೀನು ನಿಲ್ಲಿಸಿ, ಒಂದು ಕಲ್ಲನ್ನು ಒರೆಸಿ ಕೂಡಲು ಕೊಟ್ಟು, ಚಹಾ ತರಿಸಿದನು. ನಾನು ಹೇಳಬೇಕಾದುದನ್ನು ಹೇಳಿದೆನು. ಬಹಳ ಮಾತು ಬೇಕಾಗಲಿಲ್ಲ. ತಪ್ಪಾಯಿತೆಂಬುದಕ್ಕೆ ಎರಡು ವಾಕ್ಯ ಸಾಕು. ಅವನು ಕೇಳಿದನು, ತಲೆದೂಗಲಿಲ್ಲ, ಬೇಡವೆನ್ನಲೂ ಇಲ್ಲ. ಬಟ್ಟಲನ್ನು ಕೆಳಗಿಟ್ಟು, ತನ್ನ ಎಡಗೈಯನ್ನು ಒಮ್ಮೆ ನೋಡಿ, "ಅವತ್ತ ಏಳನೇ ವಿಭಕ್ತಿ ತನಕ ಬಂದಿದ್ದೆ, ಸರ್" ಎಂದನು. ಆಮೇಲೆ ಗಿರಾಕಿಯೊಬ್ಬನು ಬಂದುದರಿಂದ ಎದ್ದನು. ನಾನೂ ಎದ್ದೆನು.

ಮೊಮ್ಮಗನೊಡನೆ ಈಗಲೂ ಶನಿವಾರ ರಾತ್ರಿ ಆಡುತ್ತೇನೆ. ಅವನ ಓದು ಹೆಚ್ಚಿದ್ದರೆ ಆ ವಾರ ಇಲ್ಲ. ರಜೆಗೆ ಅವನು ಸೇಡಮಿಗೆ ಬಂದಾಗ ಆ ಕೋಣೆಯಲ್ಲಿಯೇ ಇರುತ್ತಾನೆ. ನಾನು ಅತ್ತ ಹೋಗಬೇಕಾದರೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತೇನೆ. ಬಾಗಿಲ ಬಳಿ ನಿಂತು ಒಮ್ಮೆ ಕೆಮ್ಮುತ್ತೇನೆ. ಒಳಗಿನಿಂದ "ಬಾ ಮುತ್ಯಾ" ಎಂದ ಮೇಲೆಯೇ ಹೊಸ್ತಿಲು ದಾಟುವುದು.